ಹಂದಿ ಸೂಪಿನ ಸಾಹುಕಾರರು

ನಮ್ಮ ಸಾಹುಕಾರರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಿಲ್ಲ. ಆಳುಗಳಿರಲಿ, ನಾಯಿಗೂ ಅವರು ಹೊಡೆದವರಲ್ಲ. ಕೂಗಾಡಿದವರೂ ಅಲ್ಲ. ಅವರಿಗೆ ಬೇಕಾದದ್ದೆಲ್ಲ ಮೆಲ್ಲಗಿನ ಮಾತಿನಲ್ಲೇ ಆಗಿಬಿಡುತ್ತಿತ್ತು.

ಮೊನ್ನೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಎಸ್ಟೇಟಿನ ಹಳೆಯ ಮೇಸ್ತ್ರಿ ಸಿಕ್ಕಿದ. ಮಾತಾಡುತ್ತಾ ನಿಂತಿದ್ದೆವು. ಅಷ್ಟರಲ್ಲಿ ಕಳಸದ ಬಸ್ಸಿನ ಕಂಡಕ್ಟರ್ ಹುಡುಗ, "ರೇಡಿಯೋ ಅಜ್ಜ, ಹತ್ತಿ ಹತ್ತಿ, ಸೀಟಿದೆ" ಎಂದು ಕರೆದ. ಮೇಸ್ತ್ರಿ ಬೇಸರ ಮಾಡಿಕೊಳ್ಳದೆ ಹತ್ತಿ ಹೋದ. ಆ ಹೆಸರು ಇಟ್ಟವರು ಸತ್ತು ವರ್ಷಗಳಾದವು. ಹೆಸರು ಮಾತ್ರ ಇನ್ನೂ ಬಸ್ಸಿನಲ್ಲಿ ಓಡಾಡಿಕೊಂಡಿದೆ.

ಆಗಿದ್ದು ಇಷ್ಟೇ. ಒಂದು ಬೆಳಿಗ್ಗೆ ಮೇಸ್ತ್ರಿ ಆಕಾಶ ನೋಡಿ, "ಇವತ್ತು ಮಳೆ ಇಲ್ಲ" ಎಂದು ಕಣದಲ್ಲಿ ಕಾಫಿ ಹರಡಿಸಿದ. ಮಧ್ಯಾಹ್ನ ಮಳೆ ಹೊಯ್ದು ಕಾಫಿಯೆಲ್ಲ ನೆನೆಯಿತು. ಬೇರೆ ಸಾಹುಕಾರರಾಗಿದ್ದರೆ ಬೈದು ಮುಗಿಸುತ್ತಿದ್ದರು. ನಮ್ಮವರು ಬೈಯಲಿಲ್ಲ. ಮಾರನೇ ದಿನದಿಂದ ಆಳುಗಳೆಲ್ಲ ಸೇರಿದ ಮೇಲೆ, "ರೇಡಿಯೋ, ಇವತ್ತಿನ ಹವಾಮಾನ ಏನಪ್ಪಾ?" ಎಂದು ಕೇಳತೊಡಗಿದರು. ಮೇಸ್ತ್ರಿ ಎಲ್ಲರ ಮುಂದೆ ಉತ್ತರ ಹೇಳಲೇಬೇಕು. "ಗೊತ್ತಿಲ್ಲ ಸಾಹುಕಾರ್ರೇ" ಎಂದರೆ, "ಹಂಗಾದ್ರೆ ರೈನ್‌ಕೋಟ್ ಹಾಕ್ಕೋ, ಎಂಥಕ್ಕೂ ಇರ್ಲಿ" ಎನ್ನುತ್ತಿದ್ದರು. ಫೆಬ್ರವರಿ ಬಿಸಿಲಲ್ಲಿ ಅವನು ರೈನ್‌ಕೋಟ್ ಹಾಕಿಕೊಂಡು ಕೆಲಸ ಮಾಡಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಗದಿದ್ದರೆ ತಮಗೂ ಒಂದು ಹೆಸರು ಬೀಳುತ್ತದೆ ಎಂಬ ಭಯ ಬೇರೆ.

ಅವರು ಕುಳ್ಳಗೆ, ಅಚ್ಚುಕಟ್ಟಾದ ಮನುಷ್ಯ. ಇಸ್ತ್ರಿಯ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ. ಚುಚ್ಚುವ ಮಾತು ಆಡುವ ಮೊದಲು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ನಿಧಾನವಾಗಿ ಒರೆಸುತ್ತಿದ್ದರು. ಕನ್ನಡಕ ಕೈಗೆ ಬಂತೆಂದರೆ ನಾವೆಲ್ಲ ನಮ್ಮ ನಮ್ಮ ಪಾದ ನೋಡಿಕೊಳ್ಳುತ್ತಿದ್ದೆವು. ಯಾರ ಸರದಿಯೋ ಎಂದು.

ನಾನು ಅವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಶಾಲೆ ಅರ್ಧಕ್ಕೆ ಬಿಟ್ಟವನು, ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದೆ. ಪರೀಕ್ಷೆಯ ದಿನ ಸಾಹುಕಾರರೇ ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದರು. ಗೇಟಿನಲ್ಲಿದ್ದ ಮೇಷ್ಟ್ರಿಗೆ, "ಇವ್ರ ಮಗ ಪರೀಕ್ಷೆ ಬರೀತಿದಾನೆ ಸಾರ್. ಅಪ್ಪನ ಕೈಕಾಲು ನಡುಗ್ತಾ ಇದೆ. ಇಲ್ಲೇ ನಿಂತ್ಕೊಳ್ಳಿ ಬಿಡಿ" ಎಂದರು. ಮೇಷ್ಟ್ರು ನನ್ನನ್ನು ಒಳಗೆ ಬಿಡಲಿಲ್ಲ. ನಾನು ಹಾಲ್ ಟಿಕೆಟ್ ತೋರಿಸಿದರೆ, "ಮಗನದ್ದು ನೀವ್ಯಾಕ್ರೀ ಇಟ್ಕೊಂಡಿದೀರಿ?" ಎಂದು ಗದರಿದರು. ಗಂಟೆ ಹೊಡೆಯುವವರೆಗೂ ಸಾಹುಕಾರರು ಜೀಪಿನಲ್ಲಿ ಕೂತು ನೋಡಿದರು. ಆಮೇಲೆ ಬಂದು ನಿಜ ಹೇಳಿ ನನ್ನನ್ನು ಒಳಗೆ ಬಿಡಿಸಿದರು. ಸಂಜೆ ಮತ್ತೆ ಅದೇ ಜೀಪು ಗೇಟಿನ ಹತ್ತಿರ ನಿಂತಿತ್ತು. ನನ್ನನ್ನು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸಿದರು. ಅವರ ಜೊತೆ ಇದ್ದವರಿಗೆ ಎರಡೂ ಸಿಗುತ್ತಿತ್ತು. ಯಾವುದು ಯಾವಾಗ ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಇದೆಲ್ಲ ಹೊರಗಿನವರ ಪಾಡು. ಮನೆಯೊಳಗೆ ಅಮ್ಮ ಇದ್ದರು.

ಸಾಹುಕಾರರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಸಂಸೆ ಕಡೆಯವರು. ಮದುವೆಯಾಗಿ ಬಂದ ಕಾಲದಲ್ಲಿ ಹಂದಿ ಮಾಂಸವೆಂದರೆ ಅವರಿಗೆ ಪ್ರಾಣ. ಹಂದಿ ಸಾರು, ಕಡುಬು ಇದ್ದರೆ ಗಂಡಸರಿಗೆ ಸಮನಾಗಿ ಊಟ ಮಾಡುತ್ತಿದ್ದರಂತೆ. ಅವರ ಒಬ್ಬಳೇ ಮಗಳಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಆಡುತ್ತಾ ಆಡುತ್ತಾ ಮಗು ಬಿದ್ದು ಒದ್ದಾಡುತ್ತಿತ್ತು. ಮಂಗಳೂರಿನ ಡಾಕ್ಟರ ಮಾತ್ರೆ ನಡೆಯುತ್ತಿದ್ದಾಗಲೇ ಅಮ್ಮ ಕಳಸಕ್ಕೆ ಹೋಗಿ, ಮಗು ಸರಿಯಾದರೆ ಸಾಯುವವರೆಗೆ ಮಾಂಸವನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದು ಹರಕೆ ಹೊತ್ತು ಬಂದರು. ಫಿಟ್ಸ್ ನಿಂತಿತು. ಮಾತ್ರೆಯಿಂದಲೋ ಹರಕೆಯಿಂದಲೋ ಎಂದು ವಾದ ಮಾಡುವವರು ಮಾಡಿಕೊಳ್ಳಲಿ. ಹರಕೆ ಮುರಿದರೆ ಮಗಳು ಮತ್ತೆ ಬೀಳುತ್ತಾಳೆ ಎನ್ನುವುದರಲ್ಲಿ ಅಮ್ಮನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಅಡುಗೆ ಮಾತ್ರ ಬಿಡಲಿಲ್ಲ. ಕೋಳಿ, ಮೀನು, ಹಂದಿ ಎಲ್ಲವನ್ನೂ ಮಾಡುತ್ತಿದ್ದರು. ಉಪ್ಪು ಸರಿಯಿದೆಯೇ ಎಂದು ವಾಸನೆಯಲ್ಲೇ ಹೇಳುತ್ತಿದ್ದರು. ಆ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಹಂದಿ ಅಡುಗೆಮನೆಗೆ ಬರುವಂತಿರಲಿಲ್ಲ. ಬಚ್ಚಲ ಹಿಂದಿನ ಶೆಡ್ಡಿನಲ್ಲಿ ಸೌದೆ ಒಲೆ, ಅದಕ್ಕೆಂದೇ ಬೇರೆ ಪಾತ್ರೆ, ಬೇರೆ ಸೌಟು.

ಬ್ರೆಜಿಲಿನಲ್ಲಿ ಹಿಮ ಬಿದ್ದು ಇಲ್ಲಿ ಕಾಫಿಗೆ ಯಾರೂ ಕಾಣದ ರೇಟು ಬಂತಲ್ಲ, ಆಗ ಪ್ಲಾಂಟರುಗಳೆಲ್ಲ ಗುಂಪು ಕಟ್ಟಿಕೊಂಡು ವಿದೇಶ ನೋಡಲು ಹೊರಟರು. ನಮ್ಮವರೂ ಸಿಂಗಾಪುರ, ಮಲೇಷ್ಯಾ ಸುತ್ತಿ ಬಂದರು. ಜೊತೆಗೆ ಹೋದವರು ಹೆಚ್ಚಿನವರು ಸಕಲೇಶಪುರ, ಕೊಡಗಿನ ಕಡೆಯವರು. ನಮ್ಮ ಹತ್ತಿರದವರು ಗೋಣಿಬೀಡಿನ ಗೆಳೆಯರೊಬ್ಬರೇ. ವಾಪಸು ಬರುವಾಗ ವಿಮಾನದಲ್ಲಿ ಕೊಟ್ಟ ಚಮಚವನ್ನು ಆ ಗೆಳೆಯರು ಜೇಬಿಗೆ ಹಾಕಿಕೊಂಡರಂತೆ. ಸಾಹುಕಾರರು ಕನ್ನಡಕ ಒರೆಸಿ, ಗಗನಸಖಿಯನ್ನು ಕರೆದು, "ಇವ್ರಿಗೆ ಇನ್ನೂ ನಾಲ್ಕು ಕೊಡಮ್ಮ, ಮನೇಲಿ ಕೈಯಲ್ಲೇ ತಿಂತಾರೆ ಪಾಪ" ಎಂದರಂತೆ. ವಿಮಾನವೆಲ್ಲ ನಕ್ಕಿತು. ಗೆಳೆಯರು ಅವತ್ತಿನಿಂದ ನಮ್ಮ ಎಸ್ಟೇಟಿನ ಗೇಟು ದಾಟಲಿಲ್ಲ.

ಸಾಹುಕಾರರು ಅಲ್ಲಿಂದ ತಂದದ್ದು ಒಂದು ಟೇಪ್‌ರೆಕಾರ್ಡರ್, ಮಗಳಿಗೊಂದು ವಾಚು, ಮತ್ತೆ ಮಲೇಷ್ಯಾದ ಹಂದಿ ಸೂಪಿನ ಮಾತು.

ಬಂದ ವಾರವೇ ಶೆಡ್ಡಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು ಅಮ್ಮನಿಗೆ ಹೇಳಿಕೊಟ್ಟರು. ನಾನೂ ಇದ್ದೆ. "ಪಕ್ಕೆಲುಬಿನ ಪೀಸು ಆಗ್ಬೇಕು. ಬೆಳ್ಳುಳ್ಳಿ ಸುಲೀಬೇಡ, ಇಡೀ ಗೆಡ್ಡೆ ಹಾಕು. ಕಾಳುಮೆಣಸು ಜಾಸ್ತಿ. ಚಕ್ರಮೊಗ್ಗು, ಚಕ್ಕೆ, ಲವಂಗ. ಕಾಯಿ ಇಲ್ಲ, ಅಕ್ಕಿ ಹುರಿದು ಹಾಕೋದಿಲ್ಲ. ಕೊನೇಲಿ ಒಂದು ಕಪ್ಪು ರಸ."

"ಕಪ್ಪು ರಸ ಅಂದ್ರೆ?" ಅಮ್ಮ ಕೇಳಿದರು.

"ಕಪ್ಪು ಹುಳಿ ಮಾರಾಯ್ತಿ. ಹಂದಿಗೆ ಹಾಕೋ ಕಪ್ಪು ರಸ ಇನ್ನೆಂಥದು ಇದೆ?"

ನಮ್ಮ ಕಡೆ ಯಾರಿಗೆ ಹೇಳಿದರೂ ಹಾಗೆಯೇ ತಿಳಿಯುತ್ತಿದ್ದರು. ಕೊಡಗಿನಿಂದ ಬಾಟಲಿಯಲ್ಲಿ ಬರುವ ಕಾಚಂಪುಳಿ, ಹಣ್ಣಿನ ರಸ ಬತ್ತಿಸಿ ಮಾಡಿದ್ದು, ಡಾಂಬರಿನಷ್ಟು ಕಪ್ಪು. ಅಮ್ಮ ಅದನ್ನೇ ಹಾಕಿದರು. ಸಾಹುಕಾರರು ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, "ಅದಲ್ಲ" ಎಂದರು.

ಆಮೇಲೆ ತಿಂಗಳಿಗೆ ಒಂದೆರಡು ಭಾನುವಾರವಾದರೂ ಆ ಸೂಪು ಆಗುತ್ತಿತ್ತು. ಹುಳಿ ಕಮ್ಮಿ, ಹುಳಿ ಜಾಸ್ತಿ. ಚಕ್ರಮೊಗ್ಗು ಪುಡಿ ಮಾಡಿ, ಇಡಿಯಾಗಿ. ಸೌದೆ ಉರಿ, ಕೆಂಡದ ಕಾವು. ಪ್ರತಿ ಸಲವೂ ಒಂದೇ ಚಮಚ, ಒಂದೇ ಮಾತು. ಉಳಿದ ಸೂಪು ನಮ್ಮ ಪಾಲಿಗೆ. ಮೇಸ್ತ್ರಿ, ನಾನು, ಡ್ರೈವರು ಅದಕ್ಕೆ ಕಡುಬು ಅದ್ದಿಕೊಂಡು ಖಾಲಿ ಮಾಡುತ್ತಿದ್ದೆವು. ನಮಗೆ ಬಲು ರುಚಿಯಾಗಿತ್ತು. ಹಾಗೆಂದು ಮೇಸ್ತ್ರಿ ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟ. "ರೇಡಿಯೋಕ್ಕೆ ನಾಲಿಗೆನೂ ಇದೆ!" ಎಂದರು ಸಾಹುಕಾರರು.

ಕೊನೆಗೆ ಮಾತು ಹೋಗಿ ನಿಲ್ಲುತ್ತಿದ್ದದ್ದು ಒಂದೇ ಕಡೆ.

"ರುಚಿ ನೋಡದೆ ಅಡುಗೆ ಮಾಡಿದ್ರೆ ಇನ್ನೇನಾಗ್ತದೆ? ಒಂದು ಚಮಚ ಕುಡಿ. ಆವಾಗ ಗೊತ್ತಾಗ್ತದೆ ಏನು ತಪ್ಪಿದೆ ಅಂತ."

"ನಂಗೆ ಹರಕೆ ಇದೆ, ನಿಮ್ಗೆ ಗೊತ್ತು."

"ಹರಕೆ ಮಾಂಸಕ್ಕೆ. ಸೂಪು ಅಂದ್ರೆ ನೀರು. ನೀರು ಬಿಡ್ತೀನಿ ಅಂತ ದೇವ್ರಿಗೆ ಹೇಳಿದ್ಯಾ?"

ಅಮ್ಮ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದರು. ನೆಂಟರು ಬಂದಾಗ ಸಾಹುಕಾರರು ಇದನ್ನೇ ತಮಾಷೆಯಾಗಿ ಹೇಳುತ್ತಿದ್ದರು. "ನಮ್ಮನೇಲಿ ಒಂದು ಸೂಪು ಹತ್ತು ಮಳೆಗಾಲ ಕಂಡ್ರೂ ಬೆಂದಿಲ್ಲ. ಇವಳ ಭಕ್ತಿ ಅದಕ್ಕೆ ಅಡ್ಡ." ನೆಂಟರು ನಗುತ್ತಿದ್ದರು. ಅಮ್ಮನಿಗೆ ಒಂದು ಚಮಚ ಕುಡಿದು ಈ ಕಾಟ ಮುಗಿಸಬಹುದಿತ್ತು. ಒಂದು ಚಮಚಕ್ಕೆ ಮಗಳು ಬಿದ್ದರೆ? ಅಷ್ಟೇ ಅವರ ಲೆಕ್ಕ.

ಮಗಳು ಮಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ ನಡೆದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ. ಬರೆಯದಿದ್ದರೆ ಸಾಹುಕಾರರು ಪೂರ್ತಿ ಆಗುವುದಿಲ್ಲ. ಒಂದು ಭಾನುವಾರ ನೆಂಟರ ಜೊತೆ ಎಲ್ಲರ ಊಟ ಮುಗಿದು, ಅಮ್ಮ ತಮ್ಮ ತಿಳಿಸಾರು ಅನ್ನ ಉಂಡು ಕೈತೊಳೆದು ಬಂದರು. ಸಾಹುಕಾರರು ಕನ್ನಡಕ ಒರೆಸುತ್ತಾ ಕೇಳಿದರು.

"ಸಾರು ಹೆಂಗಿತ್ತು?"

"ಯಾಕೆ? ಚೆನ್ನಾಗೇ ಇತ್ತು."

"ಇರ್ಲೇಬೇಕಲ್ಲ. ಒಂದು ಸೌಟು ಸೂಪು ಹಾಕಿದ್ದೆ."

ಅಮ್ಮ ಬಚ್ಚಲಿಗೆ ಓಡಿದರು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುವ ಸದ್ದು ಜಗಲಿಯವರೆಗೂ ಕೇಳಿತು. ಬಚ್ಚಲಿನಿಂದ ಬಂದವರೇ ಫೋನಿನ ಮುಂದೆ ಕೂತು ಹಾಸ್ಟೆಲಿಗೆ ಹಚ್ಚತೊಡಗಿದರು. ಲೈನು ಸಿಗಲಿಲ್ಲ. ಸಿಕ್ಕಾಗ ವಾರ್ಡನ್ನು, "ಹುಡುಗೀರು ಸಿನಿಮಾಕ್ಕೆ ಹೋಗಿದಾರೆ" ಎಂದರಂತೆ. ಸಂಜೆ ಮಗಳೇ ಫೋನ್ ಮಾಡುವವರೆಗೆ ಅಮ್ಮ ಆ ಸ್ಟೂಲು ಬಿಟ್ಟು ಏಳಲಿಲ್ಲ. ಮಗಳಿಗೆ ಏನೂ ಆಗಿರಲಿಲ್ಲ. ಅಮ್ಮ ಮಾರನೇ ದಿನವೇ ಬಸ್ಸು ಹತ್ತಿ ಕಳಸಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರು.

"ನಿಜವಾಗ್ಲೂ ಹಾಕಿದ್ರಾ ಸಾಹುಕಾರ್ರೇ?" ಎಂದು ನಾನು ಆಮೇಲೊಮ್ಮೆ ಕೇಳಿದೆ.

"ಅವಳಿಗೆ ರುಚಿ ಗೊತ್ತಾಗ್ಲಿಲ್ಲ ಅಂದ್ಮೇಲೆ ಹಾಕಿದ್ರೆಷ್ಟು, ಬಿಟ್ರೆಷ್ಟು?" ಎಂದರು.

ಅಂದಿನಿಂದ ಅಮ್ಮ ತಮ್ಮ ಊಟವನ್ನು ಬೇರೆ ಪಾತ್ರೆಯಲ್ಲಿ ಮಾಡಿಕೊಂಡು, ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತೇ ಉಣ್ಣುತ್ತಿದ್ದರು. ಸೂಪು ಮಾಡುವುದನ್ನು ನಿಲ್ಲಿಸಲಿಲ್ಲ. ಗಂಡ ಕೇಳಿದ್ದನ್ನು ಮಾಡಿಲ್ಲ ಎನಿಸಿಕೊಳ್ಳಲು ಅವರು ತಯಾರಿರಲಿಲ್ಲ.

ಕುದುರೆಮುಖದಲ್ಲಿ ಗಣಿ ನಿಂತ ಮೇಲಿನ ಒಂದು ಮಳೆಗಾಲದಲ್ಲಿ ಸಾಹುಕಾರರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಸಕ್ಕರೆ ಕಾಯಿಲೆಯೂ ಇತ್ತು. ಗಾಯ ಮಾಯಲಿಲ್ಲ, ಮತ್ತೆ ನಡೆಯುವ ಹಾಗಾಗಲಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ನಾನು ದಿನಾ ಬಂದು ಪಕ್ಕದಲ್ಲಿ ಕೂತು ತೋಟದ ಸುದ್ದಿ ಹೇಳುತ್ತಿದ್ದೆ.

ಬಿದ್ದ ಸುದ್ದಿ ಕೇಳಿ ಗೋಣಿಬೀಡಿನ ಗೆಳೆಯರು ಕೋಪ ಮರೆತು ನೋಡಲು ಬಂದರು. ದಪ್ಪ ದನಿಯ, ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ. ಹಳೆಯದೆಲ್ಲ ಮಾತಿಗೆ ಬಂತು. ಅಮ್ಮ ಕಾಫಿ ತಂದರು. ಸಾಹುಕಾರರು ಎಂದಿನ ತಮಾಷೆ ತೆಗೆದರು.

"ನೋಡು ಮಾರಾಯ, ಆ ಮಲೇಷ್ಯಾದ ಸೂಪು ಇವತ್ತಿಗೂ ಇವಳ ಕೈಯಲ್ಲಿ ಆಗ್ಲಿಲ್ಲ."

ಗೆಳೆಯರು ನಕ್ಕರು. "ಆಗಿದ್ರೂ ನಿಂಗೆ ಹೆಂಗಯ್ಯ ಗೊತ್ತಾಗ್ತದೆ? ನೀನೆಲ್ಲಿ ಕುಡಿದೆ?"

ಗೆಳೆಯರು ಅಮ್ಮನ ಕಡೆ ತಿರುಗಿ ಮುಂದುವರಿಸಿದರು. "ಹಿಂದಿನ ರಾತ್ರಿ ಕುಡಿದು ಹೊಟ್ಟೆ ಕೆಡಿಸ್ಕೊಂಡು ಇವ್ನು ಹೋಟ್ಲು ರೂಮಲ್ಲಿ ಮಲಗಿದ್ದ ಅಮ್ಮ. ನಾವೆಲ್ಲ ಹೋಗಿ ಸೂಪು ಕುಡಿದು ಬಂದ್ವಿ. ಇವ್ನಿಗೆ ಬ್ರೆಡ್ಡು ತಂದ್ಕೊಟ್ವಿ. ವಿಮಾನ ಇಳಿಯೋವರೆಗೂ ನಮ್ದು ಅದ್ರದ್ದೇ ಮಾತು. ಇವ್ನಿಗೆ ಹೊಟ್ಟೆ ಉರಿ. ಚಮಚದ ತಮಾಷೆ ಮಾಡಿದ್ದೂ ಅದಕ್ಕೇ."

ಸಾಹುಕಾರರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಅವರು ಕನ್ನಡಕ ಒರೆಸಿಯೂ ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಮ್ಮ ಕಾಫಿ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟರು. ಅವರ ಮುಖದಲ್ಲಿ ಕೋಪ ಕಾಣಲಿಲ್ಲ. "ಅದ್ಕೆ ಕಪ್ಪಗೆ ಹಾಕ್ತಾರಲ್ಲ, ಅದೆಂಥದು?" ಎಂದು ಗೆಳೆಯರನ್ನು ಕೇಳಿದರು.

"ಸೋಯಾ ಸಾಸು ಅಮ್ಮ. ಗೋಬಿ ಮಂಚೂರಿ ಗಾಡೀಲಿ ಇಟ್ಟಿರ್ತಾರಲ್ಲ, ಅದೇ."

"ಹುಳಿ?"

"ಹುಳೀನಾ? ಯಾರು ಹೇಳಿದ್ದು? ಚೂರೂ ಹುಳಿ ಇಲ್ಲ. ಮೊದ್ಲು ಎಲುಬನ್ನ ಒಂದು ಕುದಿ ಕುದಿಸಿ ಆ ನೀರು ಚೆಲ್ತಾರೆ. ಆಮೇಲಿನ ನೀರು ಕಣ್ಣೀರಿನಂಗೆ ತಿಳಿ ಇರ್ತದೆ. ಸಾಸು ಬಿದ್ಮೇಲೆ ಹಾಲು ಹಾಕದ ಟೀ ಬಣ್ಣ."

"ನೀವು ಇವತ್ತು ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು ಅಮ್ಮ. ನನ್ನ ಕಡೆ ತಿರುಗಿ, "ರೈಟ್ರೇ, ಜೀಪು ತಗೊಂಡು ಮೂಡಿಗೆರೆಗೆ ಹೋಗ್ಬನ್ನಿ."

ಪಕ್ಕೆಲುಬು, ಒಂದು ಬಾಟಲಿ ಸೋಯಾ ಸಾಸ್ ತಂದುಕೊಟ್ಟೆ. ಅಮ್ಮ ಶೆಡ್ಡಿನಲ್ಲಿ ಕೂತು ಗೆಳೆಯರು ಹೇಳಿದಂತೆಯೇ ಮಾಡಿದರು. ಬೆಳ್ಳುಳ್ಳಿ ಬೆಂದು ಬೆಣ್ಣೆಯಾಯಿತು, ಮೆಣಸಿನ ಖಾರ, ಚಕ್ರಮೊಗ್ಗಿನ ಘಮ ಅಂಗಳ ದಾಟಿ ಮುಂದಿನ ಕೋಣೆಗೂ ಹೋಯಿತು. ಗೆಳೆಯರು ಬಟ್ಟಲು ಎತ್ತಿ ಒಂದು ಗುಟುಕು ಕುಡಿದು, "ಇದೇ! ಅಯ್ಯೋ, ಇದೇ ಅಮ್ಮ!" ಎಂದು ಕೂಗಿದರು. ಆ ಕೂಗು ಮಂಚದವರೆಗೂ ಕೇಳಿರಬೇಕು. ನಾವೆಲ್ಲ ಕುಡಿದೆವು. ಅಮ್ಮ ಎಂದಿನಂತೆ ವಾಸನೆ ಮಾತ್ರ ನೋಡಿದರು.

ಆಮೇಲೆ ಒಂದು ಬಟ್ಟಲು ಗಂಜಿ ಹಿಡಿದು ಗಂಡನ ಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ.

"ಇದೆಂಥ? ಸೂಪು ತಾ."

"ಡಾಕ್ಟ್ರು ಜಿಡ್ಡು ಬೇಡ ಅಂದಿದಾರೆ. ಗಂಜಿ ತಗೊಳ್ಳಿ."

"ಒಂದು ಚಮಚ ಕೊಡೇ. ಎಂಥ ಆಗ್ತದೆ, ಸೂಪು ಅಂದ್ರೆ ನೀರು ತಾನೇ?"

"ನೀರು ಬೇಕಾದ್ರೆ ಹೂಜಿಯಲ್ಲಿದೆ" ಎಂದರು ಅಮ್ಮ. ಸೆರಗಿನಲ್ಲಿ ಅವರ ಬಾಯಿ ಒರೆಸಿ, ಬಟ್ಟಲು ಎತ್ತಿಕೊಂಡು ಹೋದರು.

ಸಾಹುಕಾರರು ನನ್ನನ್ನು ಹತ್ತಿರ ಕರೆದರು. "ಹೆಂಗಿತ್ತು ರೈಟ್ರೇ?"

"ಚೆನ್ನಾಗಿತ್ತು ಸಾಹುಕಾರ್ರೇ."

"ಚೆನ್ನಾಗಿತ್ತು ಅಂದ್ರೆ ಎಂಥ ತಿಳೀತದೆ? ಎಸ್ಸೆಸ್ಸೆಲ್ಸಿ ಪಾಸಾದೋರು. ಸರಿಯಾಗಿ ಹೇಳಿ."

ನನಗೆ ತಿಳಿದಂತೆ ಹೇಳಿದೆ. ಮೊದಲು ಮೆಣಸು ಗಂಟಲಿಗೆ ತಾಗುತ್ತದೆ, ಆಮೇಲೆ ಸಿಹಿ ಬರುತ್ತದೆ, ಆದರೆ ಸಕ್ಕರೆಯ ಸಿಹಿ ಅಲ್ಲ, ಮಾಂಸ ಎಲುಬು ಬಿಟ್ಟು ತಾನೇ ಬರುತ್ತದೆ ಎಂದೆಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಪ್ಲಾಂಟರುಗಳು ವಿಮಾನದಲ್ಲಿ ಹೇಳಿದ್ದನ್ನೂ ಹೀಗೆಯೇ ಕೇಳಿರಬೇಕು.

ಮುಂದಿನ ಭಾನುವಾರಗಳಲ್ಲೂ ಸೂಪು ಆಯಿತು. ಯಾರು ಬಂದರೂ ಒಂದು ಬಟ್ಟಲು. ನೆಂಟರಿಗೆ, ಡ್ರೈವರಿಗೆ, ಗೊಬ್ಬರ ತಂದ ಲಾರಿಯವರಿಗೆ. ಮಂಚಕ್ಕೆ ಗಂಜಿ. ಪಾತ್ರೆ ಅಮ್ಮನ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಒಂದು ಸಲ ಸಾಹುಕಾರರು ಮೇಸ್ತ್ರಿಯ ಕೈ ಹಿಡಿದುಕೊಂಡು, ಲೋಟದಲ್ಲಿ ಒಂಚೂರು ಮುಚ್ಚಿ ತಾರಪ್ಪ ಎಂದು ಬೇಡಿದರು. ಅಪ್ಪ ಎಂದು ಕರೆದರು, ರೇಡಿಯೋ ಎನ್ನಲಿಲ್ಲ. ಮೇಸ್ತ್ರಿ ಕಿಟಕಿಯ ಹೊರಗೆ ನೋಡಿ, "ಇವತ್ತು ಆಗೋ ಹಂಗೆ ಕಾಣೋದಿಲ್ಲ ಸಾಹುಕಾರ್ರೇ. ಮೋಡ ಇದೆ" ಎಂದ. ನನಗೆ ನಗು ಬಂತು. ಸಾಹುಕಾರರಿಗೂ ಬಂತು. ತಮ್ಮ ಮಟ್ಟದ ಮಾತು ಎಲ್ಲಿ ಕಂಡರೂ ಅವರು ಮೆಚ್ಚುತ್ತಿದ್ದರು.

ಅಮ್ಮನಿಗೆ ಹಠ ಬೇಡವೆಂದು ಮಗಳು ಹೇಳಿದಳು. "ಹಠ ಎಂಥದು? ಡಾಕ್ಟ್ರು ಹೇಳಿದ್ದು" ಎಂದರು ಅಮ್ಮ. ಡಾಕ್ಟರು ಹೇಳಿದ್ದು ನಿಜವೇ. ಉಳಿದ ಸೇವೆಯಲ್ಲಿ ಅವರು ಒಂದು ಕೂದಲಷ್ಟೂ ಕಮ್ಮಿ ಮಾಡಲಿಲ್ಲ. ಗಾಯ ತೊಳೆಯುವುದು, ಮಗ್ಗುಲು ಬದಲಿಸುವುದು, ಗಡ್ಡ ಬೋಳಿಸುವುದು, ಎಲ್ಲ ಅವರದೇ ಕೈ. ಸಾಹುಕಾರರು ಕೊನೆಯವರೆಗೂ ಇಸ್ತ್ರಿಯ ಅಂಗಿಯಲ್ಲೇ ಇದ್ದರು. ಕಾಫಿ ಹೂ ಬಿಡುವ ಕಾಲಕ್ಕೆ ತೀರಿಕೊಂಡರು.

ಹನ್ನೊಂದನೇ ದಿನ ನಡುಮನೆಯಲ್ಲಿ ಫೋಟೋದ ಮುಂದೆ ಎಡೆ ಇಟ್ಟರು. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕಡೆಯ ಪದ್ಧತಿ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಕೋಳಿ ಸಾರು, ಕಡುಬು, ಹಂದಿ ಹುರುಕಲು, ಒಂದು ಗ್ಲಾಸು ಬ್ರಾಂದಿ, ಸಿಗರೇಟು, ಬೆಂಕಿಪೊಟ್ಟಣ ಎಲ್ಲ ಇತ್ತು. ಸಾಹುಕಾರರ ತಂಗಿ ಎಲೆಯನ್ನು ಮೇಲಿಂದ ಕೆಳಗೆ ನೋಡಿದರು.

"ಅತ್ತಿಗೆ, ಸೂಪೆಲ್ಲಿ? ಹಿಂದೆ ಒಲೆ ಮೇಲಿದೆಯಲ್ಲ, ವಾಸನೆ ಬರ್ತಾ ಇದೆ. ಅಣ್ಣನ ಜೀವ ಅದ್ರಲ್ಲೇ ಇತ್ತು. ಒಂದು ಬಟ್ಟಲು ಇಡಿ."

"ಅದು ಊಟಕ್ಕೆ ಬಂದೋರಿಗೆ ಮಾಡಿದ್ದು" ಎಂದರು ಅಮ್ಮ. "ಎಡೆಗೆ ತಿಂದಿದ್ದನ್ನ ಮಾತ್ರ ಇಡೋದು. ತಿನ್ನದೇ ಇದ್ದಿದ್ದನ್ನ ಇಡೋ ಪದ್ಧತಿ ಇಲ್ಲ."

"ಎಂಥ ಅತ್ತಿಗೆ ಹಿಂಗಂತೀರಿ! ಮಲೇಷ್ಯಾದಲ್ಲಿ ಕುಡಿದು ಬಂದು ಅಣ್ಣ ಎಷ್ಟು ವರ್ಷ ಅದೇ ಜಪ ಮಾಡ್ಲಿಲ್ಲ?"

ನಡುಮನೆ ತುಂಬಾ ಜನ. ಅಮ್ಮ ಗೋಡೆ ಪಕ್ಕ ನಿಂತಿದ್ದ ಗೋಣಿಬೀಡಿನ ಗೆಳೆಯರ ಕಡೆ ತಿರುಗಿದರು.

"ನೀವೇ ಹೇಳಿ. ಕುಡಿದಿದ್ರಾ?"

ಗೆಳೆಯರು ಫೋಟೋ ನೋಡಿದರು, ನೆಲ ನೋಡಿದರು. "ಇಲ್ಲ ಅಮ್ಮ" ಎಂದರು. "ಕುಡೀಲಿಲ್ಲ."

ಯಾರೋ ಹಿಂದಿನಿಂದ, "ಹಂಗಾದ್ರೆ ಇಷ್ಟು ವರ್ಷ?" ಎಂದರು. ಒಬ್ಬೊಬ್ಬರಾಗಿ ಹೊರಗೆ ನಡೆದರು. ಮಗಳು ಊದುಬತ್ತಿ ಹಚ್ಚಿ ಕೊನೆಯಲ್ಲಿ ಹೊರಟಾಗ ಅಮ್ಮ ಅವಳ ಭುಜ ಮುಟ್ಟಿ ನಿಲ್ಲಿಸಿದರು.

"ಶೆಡ್ಡಿನ ಕಡೆ ಕಿಟಕಿ ಇದೆಯಲ್ಲ, ಅದನ್ನ ತೆಗ್ದಿಡು."

ಮಗಳು ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಎರಡೂ ರೆಕ್ಕೆ ತೆಗೆದಳು. ಮೆಣಸು, ಬೆಳ್ಳುಳ್ಳಿ, ಚಕ್ರಮೊಗ್ಗಿನ ಘಮ ಒಳಗೆ ಬಂತು. ಅದು ನಡುಮನೆಯನ್ನೆಲ್ಲ ತುಂಬುವವರೆಗೆ ಅಮ್ಮ ಹೊಸ್ತಿಲಲ್ಲೇ ಕಾದರು. ನಂತರ ಬಾಗಿಲು ಎಳೆದುಕೊಂಡರು.